ಸತ್ತವರ ಅರಿವೆ, ಇದ್ದವರ ಹೊದಿಕೆ

ನಮ್ಮ ಮನೆಯಲ್ಲಿ ಮಂಚ ಇರಲಿಲ್ಲ. ಒಂದು ಹೊರಸು ಇತ್ತು. ಅದು ಅಜ್ಜನದು; ಬೀಗರು ಬಂದ ದಿನ ಬೀಗರದು. ಉಳಿದವರಿಗೆಲ್ಲ ಸೆಗಣಿ ಸಾರಿಸಿದ ನೆಲ. ನೆಲಕ್ಕೊಂದು ಕೌದಿ, ಮೈಮೇಲೊಂದು ಕೌದಿ. ಏಳು ಮಂದಿಗೆ ನಾಕು ಕೌದಿ ಅಂದಮೇಲೆ ರಾತ್ರಿಯೆಲ್ಲ ಜಗ್ಗಾಟ. ಥಂಡಿ ದಿನದಲ್ಲಿ ನಡುವೆ ಮಲಗಿದವನೇ ಸಾಹುಕಾರ, ಅಂಚಿಗೆ ಮಲಗಿದವನು ಬಡವ. ಬೆಳಗಾದ ಕೂಡಲೆ ಅವ್ವ ಅವನ್ನು ಝಾಡಿಸಿ, ಮಡಚಿ, ಗಳದ ಮೇಲೆ ಹಾಕುತ್ತಿದ್ದಳು. ಯಾರಾದರೂ ಹೊರಗಿನವರು ಬರುತ್ತಾರೆಂದರೆ ಅದರ ಮೇಲೊಂದು ತೊಳೆದ ಧೋತರ ಎಳೆದು ಮುಚ್ಚುತ್ತಿದ್ದಳು. ಯಾಕೆ ಮುಚ್ಚುತ್ತಾಳೆಂದು ನಾವು ಕೇಳಲಿಲ್ಲ. ಕೇಳದೆಯೇ ನಮಗೆ ಗೊತ್ತಿತ್ತು.

ಕೌದಿಯ ಚರಿತ್ರೆ ಬರೆಯುತ್ತೇನೆಂದಾಗ ಗೆಳೆಯರೊಬ್ಬರು ನಕ್ಕರು. "ಅದರಾಗೇನೈತ್ರಿ ಚರಿತ್ರೆ? ಹಳೆ ಅರಿವಿ, ಒಂದು ಸೂಜಿ, ಆತಲ್ಲ?" ಹೌದು, ಹಳೆ ಅರಿವೆಯೇ. ಆದರೆ ಆ ಅರಿವೆ ಯಾರ ಮೈಮೇಲಿಂದ ಇಳಿದು, ಯಾವ ದಾರಿ ಹಿಡಿದು, ಏನಕ್ಕೆ ಪ್ರತಿಯಾಗಿ ನಮ್ಮ ಗಳದ ಮೇಲೆ ಬಂದು ಕೂತಿತು? ದೊರೆಗಳ ಪೀತಾಂಬರದ ಬಗ್ಗೆ, ದೇವರಿಗೆ ಕೊಟ್ಟ ಪಟ್ಟವಸ್ತ್ರದ ಬಗ್ಗೆ ನಮ್ಮ ಪಂಡಿತರು ಪುಟಗಟ್ಟಲೆ ಬರೆದಿದ್ದಾರೆ. ಹೊಲದಲ್ಲಿ ಸತ್ತು ದುಡಿದು ಬಂದವನು ರಾತ್ರಿ ಏನು ಹೊಚ್ಚಿಕೊಂಡ ಅನ್ನುವುದು ಅವರಿಗೆ ಬೇಡವಾದ ವಿಷಯ.

ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ, ಕಲಬುರ್ಗಿ, ರಾಯಚೂರು ಕಡೆಯ ಮಂದಿಗೆ ಕೌದಿ ಅಂದರೆ ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಬಿರು ಬ್ಯಾಸಗಿ, ಹೊಲದಲ್ಲಿ ಕೆಲಸ ಇಲ್ಲ. ಅಂಗಳ ಗುಡಿಸಿ ಇದ್ದುದರಲ್ಲಿ ಗಟ್ಟಿಯಾದ ಒಂದು ಹಳೆ ಸೀರೆ ಹಾಸುತ್ತಾರೆ. ಗಾಳಿಗೆ ಹಾರದಂತೆ ನಾಕು ಮೂಲೆಗೆ ನಾಕು ಕಲ್ಲು. ಅದರ ಮೇಲೆ ಹರಿದ ಧೋತರ, ಲುಂಗಿ, ಅಂಗಿಯ ಬೆನ್ನು, ಕುಬಸದ ತೋಳು, ಹಿಟ್ಟಿನ ಚೀಲ, ಏನು ಸಿಕ್ಕರೆ ಅದು. ಎಲ್ಲಿ ತೆಳುವಾಯಿತೋ ಅಲ್ಲಿಗೊಂದು ತುಂಡು. ಅಂಗೈಯಿಂದ ಸವರಿ ಸವರಿ ಸುಕ್ಕು ಬಿಡಿಸುತ್ತಾರೆ. ಮೇಲುಮುಖಕ್ಕೆ ಬಣ್ಣ ಉಳಿದ ತುಂಡುಗಳು. ಆಮೇಲೆ ಉದ್ದನೆ ಸೂಜಿ, ಜೋಡಿ ದಾರ, ಅಂಚಿನಿಂದ ಒಳಕ್ಕೆ ಸಾಲು ಹಿಡಿದು ಟಾಕಿ. ಒಂದು ಬೆರಳಗಲಕ್ಕೊಂದು ಸಾಲು. ದೊಡ್ಡ ಕೌದಿಯಾದರೆ ಇಬ್ಬರು ಮೂವರು ಸುತ್ತ ಕೂತು ದಿನಗಟ್ಟಲೆ ಹೊಲಿಯಬೇಕು. ಕೂಸಿಗೆ ತೊಟ್ಟಿಲ ಕೌದಿ ಬೇರೆ, ತಲೆಗೆ ಹಾಕುವ ಕುಂಚಿಗಿ ಬೇರೆ. ಕೌದಿ ಹರಿದರೆ ಬಿಸಾಡುವುದಿಲ್ಲ. ಅದರ ಮೇಲೆಯೇ ಇನ್ನೊಂದು ಪದರ ಬೀಳುತ್ತದೆ. ಹಂಗಾಗಿ ನಮ್ಮ ಮನೆಯ ಒಂದು ಕೌದಿ ಎತ್ತಲಿಕ್ಕೆ ಆಗದಷ್ಟು ಭಾರವಾಗಿತ್ತು. ಅದರೊಳಗೆ ಎಷ್ಟು ಕೌದಿಗಳಿದ್ದವೋ ಅವ್ವನಿಗೂ ಲೆಕ್ಕ ಸಿಗುತ್ತಿರಲಿಲ್ಲ. ಮಾನೌಮಿಗೆ ಮುಂಚೆ ಹಾಸಿಗೆಯನ್ನೆಲ್ಲ ಹಳ್ಳಕ್ಕೆ ಹೊತ್ತು ಒಗೆಯುವಾಗ ಆ ಒಂದು ಕೌದಿ ಹಿಂಡಲಿಕ್ಕೆ ನಾಕು ಕೈ ಬೇಕಿತ್ತು. ಒಗೆಯುವ ಜಾಗವೂ ಬೇರೆ ಅನ್ನಿ. ಮೇಲಿನ ಕಲ್ಲು ಊರವರಿಗೆ, ಕೆಳಗಿನ ಕಲ್ಲು ಕೇರಿಗೆ. ಅವರು ಒಗೆದು ಬಿಟ್ಟ ನೀರಲ್ಲಿ ನಮ್ಮ ಕೌದಿ.

ಅರಿವೆ ಎಲ್ಲಿಂದ ಬರುತ್ತಿತ್ತು? ನಮ್ಮ ಮೈಮೇಲೆ ಹರಿದದ್ದು ಅರ್ಧ. ನಮ್ಮ ಮೈಮೇಲೆ ಹರಿದದ್ದಾದರೂ ಕೌದಿಗೆ ಬರುವಷ್ಟು ಗಟ್ಟಿ ಎಲ್ಲಿ ಉಳಿದಿರುತ್ತಿತ್ತು? ಉಳಿದರ್ಧ ಗೌಡರ ಮನೆಯದು. ವರ್ಷವಿಡೀ ಅವರ ಕಣ, ಹಕ್ಕಿ, ದನದ ಹೆಣ ನೋಡಿಕೊಂಡದ್ದಕ್ಕೆ ಸುಗ್ಗಿಯಲ್ಲಿ ಇಷ್ಟು ಜೋಳ, ಹಬ್ಬಕ್ಕೆ ತಂಗಳು, ಮದುವೆಯಾದರೆ ಒಂದು ಹಳೆ ಸೀರೆ. ಆ ಮನೆಯಲ್ಲಿ ಯಾರಾದರೂ ಸತ್ತರೆ ಸತ್ತವರು ಮಲಗಿದ ಹಾಸಿಗೆ, ಉಟ್ಟ ಬಟ್ಟೆ. ಅದನ್ನು ಕೈಗೆ ಕೊಡುತ್ತಿರಲಿಲ್ಲ. ಹಿತ್ತಲ ಬಾಗಿಲಿನಿಂದ ಹೊರಗೆ ಎಸೆಯುತ್ತಿದ್ದರು. ಅಜ್ಜಿ ಸೆರಗೊಡ್ಡಿ ಎತ್ತಿಕೊಂಡು ಬರುತ್ತಿದ್ದಳು. ಮುದಿ ಗೌಡ ಸತ್ತಾಗ ಬಂದ ಬಿಳಿ ಧೋತರ ನಮ್ಮ ಭಾರದ ಕೌದಿಯ ಮೂರನೆಯದೋ ನಾಕನೆಯದೋ ಪದರದಲ್ಲಿ ಇತ್ತು ಅಂತ ಅಜ್ಜಿ ಹೇಳುತ್ತಿದ್ದಳು. "ಇದ್ದಾಗ ನಮ್ಮ ನೆರಳಾ ಸೋಕಿಸಿಕೊಳ್ಳಲಿಲ್ಲ ಮುದುಕ. ಈಗ ನೋಡು, ನನ್ನ ಮೊಮ್ಮಕ್ಕಳ ಕೆಳಗ ಬಿದ್ದಾನ" ಅಂತ ನಗುತ್ತಿದ್ದಳು. ಹಲ್ಲಿಲ್ಲದ ಆ ನಗುವಿನಲ್ಲಿ ಏನಿತ್ತೆಂದು ಈಗ ಯೋಚಿಸಿದರೆ ಮೈ ಜುಂ ಅನ್ನುತ್ತದೆ.

ಸತ್ತವರ ಬಟ್ಟೆ ನಮಗೆ ಬರುತ್ತಿದ್ದುದು ಗೌಡರ ಧಾರಾಳತನವಲ್ಲ. ಅದು ಕಾನೂನು. ಮನುಸ್ಮೃತಿಯ ಹತ್ತನೆಯ ಅಧ್ಯಾಯ ತೆಗೆದು ನೋಡಿ. ಚಂಡಾಲರು ಊರ ಹೊರಗಿರಬೇಕು, ಒಡೆದ ಪಾತ್ರೆಯಲ್ಲಿ ಉಣ್ಣಬೇಕು, ಕಬ್ಬಿಣದ ಒಡವೆ ತೊಡಬೇಕು, ಹೆಣದ ಮೇಲಿನ ಬಟ್ಟೆ ಉಡಬೇಕು ಎಂದು ಬರೆದಿಟ್ಟಿದೆ. ಓದಲು ಬಾರದ ನಮ್ಮಜ್ಜಿಗೆ ಮನು ಯಾರೆಂದು ಗೊತ್ತಿರಲಿಲ್ಲ. ಅವಳ ಸೆರಗಿಗೆ ಗೊತ್ತಿತ್ತು. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬಾಬಾಸಾಹೇಬರ ಮುಂದಾಳ್ತನದಲ್ಲಿ ಆ ಪುಸ್ತಕಕ್ಕೆ ಬೆಂಕಿ ಇಟ್ಟಾಗ ಸುಟ್ಟದ್ದು ಕಾಗದ ಮಾತ್ರ ಅಲ್ಲ, ಈ ಸಾಲೂ ಹೌದು. ಅದೇ ದಿನಗಳಲ್ಲಿ ಅವರು ಅಲ್ಲಿ ಸೇರಿದ್ದ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಮಾತಾಡಿದರು. ಸೀರೆಯನ್ನು ಮೊಣಕಾಲ ಮೇಲೆ ಉಡಬೇಡಿ, ಜಾತಿಯ ಗುರುತಾದ ಆ ಲೋಹದ ಬಳೆ-ಸರದ ಹೊರೆ ತೆಗೆದುಹಾಕಿ ಎಂದರು. ಹೆಣ್ಣುಮಕ್ಕಳು ಸೀರೆಯನ್ನು ಕೆಳಕ್ಕಿಳಿಸಿ ಉಟ್ಟುಕೊಂಡರು. ಉಡುವ ಬಟ್ಟೆಯೂ ಹೋರಾಟವೇ ಎಂದು ಅವರಿಗೆ ಯಾವ ಪಂಡಿತನೂ ಹೇಳಿಕೊಡಬೇಕಾಗಿರಲಿಲ್ಲ.

ಇಲ್ಲೊಂದು ಇನ್ನೂ ಹಳೆಯ ಮಾತಿದೆ. ಬುದ್ಧನ ಭಿಕ್ಕುಗಳು ಮೊದಮೊದಲು ಉಡುತ್ತಿದ್ದುದು ತಿಪ್ಪೆಯಲ್ಲಿ, ಸುಡುಗಾಡಿನಲ್ಲಿ ಆರಿಸಿದ ಚಿಂದಿ. ಅದಕ್ಕೆ ಪಾಂಸುಕೂಲ ಎಂದು ಹೆಸರು. ಜೀವಕ ವೈದ್ಯ ಕೇಳಿಕೊಂಡ ಮೇಲೆಯೇ ಗೃಹಸ್ಥರು ಕೊಟ್ಟ ಬಟ್ಟೆಗೆ ಒಪ್ಪಿಗೆ ಸಿಕ್ಕಿತು. ಮಗಧದ ಗದ್ದೆಗಳು ಬದುಗಳಿಂದ ಚೌಕ ಚೌಕವಾಗಿ ಕಾಣುವುದನ್ನು ತೋರಿಸಿ, ಚೀವರವನ್ನೂ ಹಾಗೇ ತುಂಡು ಮಾಡಿ ಹೊಲಿಯಲಾದೀತೇ ಎಂದು ಬುದ್ಧ ಆನಂದನನ್ನು ಕೇಳಿದ ಕತೆ ವಿನಯಪಿಟಕದಲ್ಲಿದೆ. ಅಂದರೆ ಸಂಘದ ಉಡುಪೂ ಒಂದು ಕೌದಿಯೇ. ಬಟ್ಟೆ ಎರಡು ಕಡೆಯೂ ಅದೇ, ಹೆಣದ್ದೇ. ಒಂದು ಕಡೆ ರಾಜನ ಮಗ ತಾನಾಗಿ ಎತ್ತಿಕೊಂಡ. ಇನ್ನೊಂದು ಕಡೆ ನಮ್ಮ ಮೇಲೆ ಎಸೆದರು. ಈ ವ್ಯತ್ಯಾಸ ಮರೆತು 'ಸರಳ ಬದುಕು' ಎಂದು ನಮಗೆ ಉಪದೇಶ ಮಾಡುವವರು ಇಂದೂ ಇದ್ದಾರೆ. ಅವರ ಮನೆಯ ಗಾದಿಯ ಮೇಲೆ ಕೂತು ಆ ಉಪದೇಶ ನಾನೂ ಕೇಳಿದ್ದೇನೆ.

ನಾವು ಯಾವಾಗಲೂ ಹೀಗೆ ಚಿಂದಿಗೆ ಕೈಯೊಡ್ಡಿದವರೇ? ಅಲ್ಲ. 1800-01ರಲ್ಲಿ ಟಿಪ್ಪು ಸತ್ತ ಬೆನ್ನಿಗೇ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಬೆಂಗಳೂರಿನ ಸುತ್ತಲಿನ ನೇಕಾರರ ಪಟ್ಟಿ ಕೊಡುತ್ತಾನೆ. ಅದರಲ್ಲಿ ಹೊಲೆಯರಿದ್ದಾರೆ. ಬಡವರು ಉಡುವ ಒರಟು, ಗಟ್ಟಿ, ಬಿಳಿ ಬಟ್ಟೆಯನ್ನು ಅವರು ನೇಯುತ್ತಿದ್ದರು, ಹಳ್ಳಿಗಳಲ್ಲಿ ಚದುರಿಕೊಂಡಿದ್ದು ಸಂತೆಗೆ ಹೊತ್ತು ಮಾರುತ್ತಿದ್ದರು. ಬಡ ಹೆಂಗಸರು ಸಂತೆಯಲ್ಲಿ ಹತ್ತಿ ಕೊಂಡು ನೂಲುತ್ತಾರೆ, ಬ್ರಾಹ್ಮಣ ಹೆಂಗಸರೊಬ್ಬರನ್ನು ಬಿಟ್ಟು ಎಲ್ಲ ಜಾತಿಯವರೂ ನೂಲುತ್ತಾರೆ ಎಂದೂ ಬರೆಯುತ್ತಾನೆ. ಮಗ್ಗದ ಹೊಲೆಯರು ಎಂಬ ಒಳಪಂಗಡದ ಹೆಸರೇ ಆ ಕಡೆ ಉಳಿದುಬಂತು. ಊರಿಗೆ ಬಟ್ಟೆ ನೇಯ್ದು ಕೊಟ್ಟವರು ಹೊಲೆಯರು ಎಂದು ನಮ್ಮ ಮಕ್ಕಳ ಪಾಠಪುಸ್ತಕದಲ್ಲಿ ಎಲ್ಲಾದರೂ ಓದಿದ್ದೀರಾ? ಮ್ಯಾಂಚೆಸ್ಟರಿನ ನೂಲು, ಗಿರಣಿ ಬಟ್ಟೆ ಬಂದ ಮೇಲೆ ಆ ರಾಟೆ ನಿಂತಿತು, ಆ ಮಗ್ಗವೂ ನಿಂತಿತು. ನೇಯುವವನು ಕೂಲಿಯಾದ. ಕೂಲಿಯವನಿಗೆ ಹೊಸ ಬಟ್ಟೆ ವರ್ಷಕ್ಕೊಮ್ಮೆ ಬಂದರೆ ಬಂತು.

ಇತ್ತ ಧಾರವಾಡದ ಎರೆಮಣ್ಣಿನಲ್ಲಿ ಬೇರೊಂದು ನಾಟಕ. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ತೋಟದ ಯಜಮಾನರನ್ನು ಸಂಬಳ ಕೊಟ್ಟು ಕರೆತಂದಿತು. ಹುಬ್ಬಳ್ಳಿ ಬಳಿಯ ಕುಸುಗಲ್ಲಿನಲ್ಲಿ ಆ ದಶಕದಲ್ಲಿ ಅಮೆರಿಕದ ಹತ್ತಿಯ ಪ್ರಯೋಗ ನಡೆಯಿತು. ಬಿತ್ತಿದ್ದು ನ್ಯೂ ಆರ್ಲಿಯನ್ಸ್ ಬೀಜ, ಅಂದರೆ ಅಲ್ಲಿ ಕರಿಯ ಗುಲಾಮರ ಬೆನ್ನ ಮೇಲೆ ಚಾಟಿ ಬೀಸಿ ಬೆಳೆಸಿದ ಹತ್ತಿ. ಭಾರತದ ಉಳಿದ ಕಡೆ ಸೋತ ಆ ಬೀಜ ಇಲ್ಲಿ ಹಿಡಿಯಿತು. ಪೇಟೆಯಲ್ಲಿ 'ಧಾರವಾಡ-ಅಮೆರಿಕನ್' ಎಂದೇ ಹೆಸರಾಯಿತು. 1861ರಿಂದ 65ರವರೆಗೆ ಅಲ್ಲಿ ಗುಲಾಮಗಿರಿಯ ಪ್ರಶ್ನೆಯ ಮೇಲೆ ಯುದ್ಧವಾದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಇಲ್ಲವಾಗಿ ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಬಂಗಾರ ಯಾರ ಮನೆಗೆ ಹೋಯಿತು ಅಂತ ನಾನು ಹೇಳಬೇಕಾಗಿಲ್ಲ. ಹತ್ತೇ ವರ್ಷದಲ್ಲಿ 1876-78ರ ಬರ ಬಂದು ಧಾರವಾಡ, ಕಲಾದಗಿ ಜಿಲ್ಲೆಗಳಲ್ಲಿ ಹೆಣ ಎತ್ತುವವರು ಇಲ್ಲದಂತಾಯಿತು. 1880ರ ದಶಕದಲ್ಲಿ ಗೋಕಾಕ ಫಾಲ್ಸಿನಲ್ಲಿ ನೂಲಿನ ಗಿರಣಿ ತಿರುಗತೊಡಗಿತು. ಹತ್ತಿ ಬಿತ್ತಿದವರು, ಬಿಡಿಸಿದವರು, ಜಿನ್ನಿನಲ್ಲಿ ಅದರ ದೂಳು ಕುಡಿದು ಕೆಮ್ಮಿದವರು, ಇವರ ಮನೆಯ ಕೌದಿಯೊಳಗೆ ಒಂದು ಹಿಡಿ ಹತ್ತಿ ಇರಲಿಲ್ಲ. ಗಾದಿಗೆ ಹತ್ತಿ, ಕೌದಿಗೆ ಚಿಂದಿ. ನಮ್ಮ ನಾಡಿನ ವರ್ಗ ಯಾವುದು ಎಂದು ತಿಳಿಯಬೇಕಾದರೆ ಹಾಸಿಗೆ ಬಿಚ್ಚಿ ನೋಡಿದರೆ ಸಾಕಿತ್ತು.

ಹೊಲಿದವರ ವಿಷಯಕ್ಕೆ ಬರುತ್ತೇನೆ. ಕೇರಿಯಲ್ಲಿ ನಮ್ಮ ಕೌದಿ ನಾವೇ ಹೊಲಿದುಕೊಳ್ಳುತ್ತಿದ್ದೆವು. ಊರೊಳಗಿನವರಿಗೆ ಹೊಲಿದುಕೊಡಲು ಅಲೆಮಾರಿಗಳು ಬರುತ್ತಿದ್ದರು. ಗೊಂದಲಿಗರ ಹೆಂಗಸರು, ಬುಡಬುಡಿಕೆಯವರ ಹೆಂಗಸರು. ಗಂಡಸರು ಗೊಂದಲ ಹಾಕಲು, ಶಕುನ ಹೇಳಲು ಹೋದರೆ ಹೆಂಗಸರು ಓಣಿ ಓಣಿ ತಿರುಗಿ "ಕೌದಿ ಹೊಲಸ್ತೀರೇನವ್ವಾ ಕೌದೀ" ಎಂದು ಕೂಗುವರು. ಕಟ್ಟೆಯ ಮೇಲೆ, ಮರದ ನೆರಳಿಗೆ ಕೂತು ಹೊಲಿದರೆ ಕೂಲಿ ಇಷ್ಟು ಸೇರು ಜೋಳ, ಮಧ್ಯಾಹ್ನಕ್ಕೆ ರೊಟ್ಟಿ, ಉಳಿದ ಚಿಂದಿ. ಆ ಚಿಂದಿಯಿಂದಲೇ ಅವರ ಜೋಪಡಿಯೊಳಗಿನ ಕೌದಿ. 1884ರ ಮುಂಬೈ ಪ್ರಾಂತ್ಯದ ಧಾರವಾಡ, ಬಿಜಾಪುರ ಗ್ಯಾಜೆಟಿಯರುಗಳು ಜಾತಿ ಜಾತಿಯ ಮನೆ, ಮಡಕೆ, ಊಟ, ಉಡುಪನ್ನೆಲ್ಲ ಎಣಿಸಿ ಬರೆದವು. ಒಂದು ಕೌದಿಗೆ ಎಷ್ಟು ಟಾಕಿ, ಅಷ್ಟು ಟಾಕಿಗೆ ಎಷ್ಟು ಕಣ್ಣು ಹೋಯಿತು ಎಂಬ ಲೆಕ್ಕಕ್ಕೆ ದೊರೆ ಗುಮಾಸ್ತರಿಗೆ ಪುರಸೊತ್ತಿರಲಿಲ್ಲ.

ಗುಲಾಮರ ಮಾತು ಬಂತು. ಅವರನ್ನು ನೋಡಲು ಅಮೆರಿಕಕ್ಕೇ ಹೋಗಬೇಕಿಲ್ಲ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಿನಲ್ಲಿ ಸಿದ್ದಿಯರಿದ್ದಾರೆ. ಆಫ್ರಿಕದಿಂದ ಹಿಡಿದು ತಂದವರ ಸಂತಾನ. ಕೆಲವರು ಸುಲ್ತಾನರ ಕಾಲದಲ್ಲಿ ದಖ್ಖನ್ನಿನಲ್ಲಿ ಸೇನಾಪತಿಗಳಾದರು. ಬಿಜಾಪುರದ ಇಖ್ಲಾಸ್ ಖಾನನ ಜರಿ ಅಂಗಿಯ ಚಿತ್ರಗಳು ಇಂದಿಗೂ ಇವೆ. ಆದರೆ ಕಾಡಿನ ಸಿದ್ದಿಯರಲ್ಲಿ ಬಹಳ ಮಂದಿ ಗೋವೆಯ ಪೋರ್ಚುಗೀಸರ ಮನೆಗಳಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರು. ಬಂದದ್ದು ಬರಿಗೈಯಲ್ಲಿ. ಅವರ ಹೆಂಗಸರು ಹೊಲಿಯುವ ಹೊದಿಕೆಗೆ ಕವಂದಿ ಅಂತಾರೆ. ಕೌದಿ, ಕವಂದಿ, ಹೆಸರು ಅಕ್ಕತಂಗಿಯರ ಹಾಗಿದೆ. ಮೂಲೆಯಿಂದ ಶುರುಮಾಡಿ ಅಂಚು ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಕೊನೆಗೆ ನಾಕು ಮೂಲೆಗೂ ಬಟ್ಟೆಯ ತುಂಡು ಮಡಚಿ 'ಫುಲಾ' ಇಡಬೇಕು, ಅಂದರೆ ಹೂ. ಹೂ ಇಲ್ಲದ ಕವಂದಿ ಬತ್ತಲೆ ಎಂಬುದು ಅವರ ಲೆಕ್ಕ. ಉಡಲು ಎರಡನೆಯ ಸೀರೆ ಇಲ್ಲದವರು ಹೊದಿಕೆ ಬತ್ತಲೆ ಇರಬಾರದು ಅಂದರು! ಹಿಂದೂ, ಮುಸ್ಲಿಂ, ಕ್ರೈಸ್ತ, ಮೂರೂ ಮತದ ಸಿದ್ದಿಯರಿದ್ದಾರೆ. ಶಿಲುಬೆ, ಚಂದ್ರ ಮೇಲಿನ ತುಂಡಿನಲ್ಲಿ ಬದಲಾಗಬಹುದು. ಕೆಳಗಿನ ಚಿಂದಿ ಎಲ್ಲರದೂ ಒಂದೇ. ಸರ್ಕಾರಕ್ಕೆ ಇವರನ್ನು ಪರಿಶಿಷ್ಟ ಪಂಗಡವೆಂದು ಒಪ್ಪಿಕೊಳ್ಳಲು 2003ರವರೆಗೆ ಬೇಕಾಯಿತು. 2004ರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಮೊದಲಾದವರ ನೆರವಿನಿಂದ ಸಿದ್ದಿ ಹೆಂಗಸರ ಕವಂದಿ ಸಹಕಾರ ಸಂಘವೊಂದು ಕಟ್ಟಿಕೊಂಡಿತು. ಧಾರವಾಡದ ವಿಶ್ವವಿದ್ಯಾಲಯ ಆ ಕಾಡಿಗೆ ಬಸ್ಸಿನ ದಾರಿ. ನೋಡಲು ಅಮೆರಿಕದವರೇ ಬರಬೇಕಾಯಿತು.

ಇನ್ನು ಆ ಹತ್ತಿಬೀಜದ ತವರಿನ ಕತೆ. ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಎಂಬ ಹಳ್ಳಿ. ಮೂರು ಕಡೆ ಹೊಳೆ ಸುತ್ತಿದ ಹತ್ತಿ ತೋಟ. ಅಲ್ಲಿಯ ಮಂದಿ ಆ ತೋಟದ ಗುಲಾಮರ ಮೊಮ್ಮಕ್ಕಳು. ತೋಟದ ಯಜಮಾನನ ಹೆಸರೇ ಇವರ ಮನೆತನದ ಹೆಸರಾಗಿ ಉಳಿಯಿತು, ಪೆಟ್‌ವೇ ಅಂತ. ನಮ್ಮಲ್ಲಿ ಹಳೆಮಗನನ್ನು ಇಂಥ ಗೌಡರ ಮನೆಯವ ಎಂದು ಕರೆದ ಹಾಗೆ. 1932ರ ಸುಮಾರಿಗೆ ಸಾಲ ಕೊಟ್ಟಿದ್ದ ವ್ಯಾಪಾರಿ ಸತ್ತಾಗ ಅವನ ಮನೆಯವರು ಬಂದು ಇವರ ಹೇಸರಗತ್ತೆ, ನೇಗಿಲು, ಕಾಳು ಕಡಿಯನ್ನೆಲ್ಲ ಹೇರಿಕೊಂಡು ಹೋದರು. ಆ ಚಳಿಗಾಲ ಹಸಿವಿನಲ್ಲಿ ಕಳೆಯಿತು. ಈ ಹಳ್ಳಿಯ ಹೆಂಗಸರೂ ಹರಿದ ಬಟ್ಟೆಯಿಂದ ಕೌದಿ ಹೊಲಿಯುವವರೇ. 1942ರಲ್ಲಿ ಮಿಸ್ಸೋರಿ ಪೆಟ್‌ವೇ ಎಂಬಾಕೆ ತೀರಿಕೊಂಡ ಗಂಡನ ದುಡಿಮೆಯ ಅಂಗಿ, ಷರಾಯಿಗಳನ್ನು ಬಿಚ್ಚಿ ಒಂದು ಕೌದಿ ಮಾಡಿದಳು, ಅವನ ನೆನಪನ್ನೇ ಹೊದ್ದು ಮಲಗಲಿಕ್ಕೆ. ಹೊಲದ ಬೆವರಿನ ಕಲೆಗಳು ಅದರಲ್ಲಿ ಹಾಗೇ ಉಳಿದಿವೆ.

1960ರ ದಶಕದಲ್ಲಿ ಈ ಜನ ಓಟಿನ ಹಕ್ಕಿಗೆ ಎದ್ದು ನಿಂತರು. ಹೆಸರು ಬರೆಸಲು ಹೊಳೆ ದಾಟಿ ತಾಲೂಕು ಊರಿಗೆ ಹೋಗಬೇಕು. 1962ರಲ್ಲಿ ಬಿಳಿಯರು ದೋಣಿಯನ್ನೇ ನಿಲ್ಲಿಸಿಬಿಟ್ಟರು. 1965ರ ಫೆಬ್ರವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಳೆಯಲ್ಲಿ ಆ ಹಳ್ಳಿಗೆ ಬಂದು ಮಾತಾಡಿದರು. 1966ರಲ್ಲಿ ಆ ಸುತ್ತಿನ ಹೆಂಗಸರು 'ಫ್ರೀಡಂ ಕ್ವಿಲ್ಟಿಂಗ್ ಬೀ' ಎಂಬ ಸಹಕಾರ ಸಂಘ ಮಾಡಿದರು. ಕೌದಿಗೆ ಸ್ವಾತಂತ್ರ್ಯದ ಹೆಸರು! 2002ರಲ್ಲಿ ಹ್ಯೂಸ್ಟನ್ನಿನ ಮ್ಯೂಸಿಯಮ್ಮಿನ ಗೋಡೆಗೆ ಇವರ ಕೌದಿಗಳು ಏರಿದವು. 2006ರಲ್ಲಿ ಅಂಚೆಚೀಟಿಯ ಮೇಲೂ ಬಂದವು. ನಿಂತ ದೋಣಿ ಮತ್ತೆ ಹೊಳೆಗಿಳಿದದ್ದೂ ಅದೇ 2006ರಲ್ಲಿ, ನಲವತ್ನಾಕು ವರ್ಷದ ಮೇಲೆ. ಚಿತ್ರ ಎಂದು ಮೆಚ್ಚುವುದು ಸುಲಭ, ದೋಣಿ ಬಿಡುವುದು ಕಷ್ಟ.

ನಮ್ಮ ಪಟ್ಟಣಗಳಲ್ಲೂ ಈಗ ಕೌದಿ ಗೋಡೆ ಏರಿದೆ. ಮೇಳಗಳಲ್ಲಿ ಹೊಸ ಬಟ್ಟೆ ಕತ್ತರಿಸಿ, ಮಷೀನಿನಲ್ಲಿ ಹೊಲಿದು, 'ಜಾನಪದ ಕಲೆ' ಎಂಬ ಚೀಟಿ ಅಂಟಿಸಿ ಮಾರುತ್ತಾರೆ. ಹೆಂಗಸರಿಗೆ ನಾಕು ಕಾಸು ಸಿಕ್ಕರೆ ನನ್ನ ತಕರಾರಿಲ್ಲ. ಆದರೆ ಹಾಸ್ಟೆಲ್ಲಿನ ಮೊದಲ ರಾತ್ರಿ ನನಗೆ ನೆನಪಾಗುತ್ತದೆ. ಟ್ರಂಕಿನಿಂದ ಕೌದಿ ತೆಗೆದಾಗ ಪಕ್ಕದ ಹುಡುಗ ಮೂಗು ಮುಚ್ಚಿಕೊಂಡ. ಅದರಲ್ಲಿ ಹೊಗೆಯ, ಎಣ್ಣೆಯ, ಅವ್ವನ ವಾಸನೆ ಇತ್ತು. ಮಾರನೆಯ ವಾರವೇ ಒಂದು ಗಿರಣಿ ಚಾದರ ಕೊಂಡೆ. ಕೌದಿಯನ್ನು ಹಾಸ್ಟೆಲ್ಲಿನ ಹಿಂದೆ ತಿಪ್ಪೆಗೆ ಎಸೆದೆ. ಮನುವಿನ ಮೇಲೆ ಭಾಷಣ ಮಾಡುವಾಗಲೆಲ್ಲ ಆ ತಿಪ್ಪೆ ನನ್ನ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಎಸೆದದ್ದನ್ನು ಅವ್ವನಿಗೆ ಹೇಳಲಿಲ್ಲ. ಅವಳು ಕೇಳಲೂ ಇಲ್ಲ.

ಅವ್ವ ಹೋದ ಮೇಲೆ ಅವಳ ಟ್ರಂಕಿನಲ್ಲಿ ಐದು ಸೀರೆ ಇದ್ದವು. ಒಂದು ಇಳಕಲ್ಲಿನದು, ಸೆರಗು ಮಾತ್ರ ಗಟ್ಟಿ. ನಮ್ಮ ಕಡೆ ಹಿರಿಯರ ಸೀರೆ ಕೌದಿಗೆ ಹಾಕುತ್ತಾರೆ, ಕೂಸುಗಳನ್ನು ಅದರಲ್ಲಿ ಮಲಗಿಸುತ್ತಾರೆ. ಸತ್ತವರ ಬಟ್ಟೆ ಶಿಕ್ಷೆ ಎಂದು ಬರೆದವರಿಗೆ ಈ ಲೆಕ್ಕ ತಿಳಿಯುವಂಥದ್ದಲ್ಲ. ಮನೆಯಲ್ಲಿ ಯಾರಿಗೂ ಹೊಲಿಗೆ ಬರುತ್ತಿರಲಿಲ್ಲ. ನನ್ನ ಮಗಳಿಗೆ ಈಗ ಮಂಚ ಇದೆ, ಗಾದಿ ಇದೆ; ಆದರೂ ಅವಳೇ ಹಟ ಹಿಡಿದಳು, ಆಯಿಯ ಕೌದಿ ಬೇಕು ಅಂತ. ಊರಿಂದ ಒಬ್ಬ ಗೊಂದಲಿಗರ ಮುದುಕಿಯನ್ನು ಹುಡುಕಿ ಕರೆಸಿದೆವು. ಕೂಲಿ ಹೇಳಿದಳು. ನಾನು, ಇಷ್ಟೆಲ್ಲ ಬರೆಯುವ ನಾನು, ಥಟ್ಟನೆ "ಸ್ವಲ್ಪ ಕಡಿಮೆ ಮಾಡ್ಕೋಬೇ" ಅಂದೆ. ಮುದುಕಿ ಕನ್ನಡಕ ಸರಿಮಾಡಿಕೊಂಡು ನನ್ನ ಮುಖ ನೋಡಿದಳು.

"ಗಾದಿ ಅಂಗಡ್ಯಾಗ ಹಿಂಗಾ ಕೇಳ್ತೀಯೇನಪಾ?"

ಕೇಳಿರಲಿಲ್ಲ. ಅವಳು ಹೇಳಿದಷ್ಟಕ್ಕೇ ಒಪ್ಪಿದೆ. ತಾರಸಿಯ ಮೇಲೆ ಸೀರೆ ಹಾಸಿ ಮೂಲೆಗೆ ಕಲ್ಲಿಟ್ಟಳು. ಇಳಕಲ್ ಸೆರಗನ್ನು ಕೈಯಲ್ಲಿ ಹಿಡಿದು ಬಿಸಿಲಿಗೆ ಒಡ್ಡಿ ನೋಡಿ ಮಗಳನ್ನು ಕರೆದಳು. "ಇದನ್ನ ನಡುವ ಇಡ್ಲ್ಯೋ, ತೆಲಿ ಕಡೆ ಇಡ್ಲ್ಯೋ? ಮಲಗಾಕಿ ನೀ, ನೀನಾ ಹೇಳು."